ರೇಡಿಯೇಟರ್ ಕೆಳಗೆ ತಣ್ಣಗಿದ್ದರೆ ಗಾಬರಿ ಬೇಡ



ಚಳಿಗಾಲ ಬಂತೆಂದರೆ ಡೆನ್ಮಾರ್ಕಿಗೆ ಹೊಸದಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ. ಕೆಟ್ಟಿದೆಯಾ ಸಾರ್?" ಕೆಟ್ಟಿಲ್ಲ. ಅದು ಇರಬೇಕಾದದ್ದೇ ಹಾಗೆ.

ನಮ್ಮ ಬಚ್ಚಲ ಹಂಡೆ ನೆನಪಿಸಿಕೊಳ್ಳಿ. ಇಲ್ಲಿ ಇಡೀ ಊರಿಗೊಂದು ಹಂಡೆ ಇದ್ದಂತೆ. 1973ರ ತೈಲ ಬಿಕ್ಕಟ್ಟಿನಿಂದ ಕಂಗೆಟ್ಟ ಡೆನ್ಮಾರ್ಕ್ 1979ರಲ್ಲಿ ಶಾಖ ಪೂರೈಕೆಗೆಂದೇ ಕಾನೂನು ಮಾಡಿತು. ಇಂದು ದೇಶದ ಸುಮಾರು ಮೂರನೇ ಎರಡು ಭಾಗ ಮನೆಗಳಿಗೆ ಶಾಖ ಬರುವುದು ನೆಲದಡಿಯ ಬಿಸಿನೀರಿನ ಪೈಪಿನಿಂದ. ವಿದ್ಯುತ್ ಸ್ಥಾವರದಲ್ಲಿ ಮಿಕ್ಕ ಶಾಖ, ಕಸ ಸುಟ್ಟ ಶಾಖ ಎಲ್ಲ ಅದರಲ್ಲಿ ಸೇರುತ್ತದೆ. ಕೋಪನ್‌ಹೇಗನ್‌ನಲ್ಲಿ ಮಾಡಿನ ಮೇಲೆ ಸ್ಕೀ ಆಡುವ ಅಮಾಗರ್ ಬಕ್ಕೆ ಇದೆಯಲ್ಲ, ಅದೂ ಕಸದ ಸ್ಥಾವರವೇ.

ಬರುವ ಪೈಪಿನ ಜೊತೆ ಹಿಂತಿರುಗುವ ಪೈಪೂ ಇದೆ. ಗುಟ್ಟೆಲ್ಲ ಈ ಎರಡನೆಯದರಲ್ಲಿ. 70 ಡಿಗ್ರಿಯಲ್ಲಿ ಬಂದ ನೀರು 50ಕ್ಕೆ ಇಳಿದು ಹಿಂತಿರುಗಿದರೆ ನಾವು ಬಳಸಿಕೊಂಡದ್ದು 20 ಡಿಗ್ರಿ. 30ಕ್ಕೆ ಇಳಿದರೆ 40 ಡಿಗ್ರಿ. ಅಂದರೆ ಅಷ್ಟೇ ಶಾಖಕ್ಕೆ ಅರ್ಧ ನೀರು ಸಾಕು. ಪಂಪಿಗೆ ಕೆಲಸ ಕಡಿಮೆ, ದಾರಿಯಲ್ಲಿ ಮಣ್ಣಿಗೆ ಸೋರುವ ಶಾಖವೂ ಕಡಿಮೆ. ಇನ್ನೊಂದು ಸ್ವಾರಸ್ಯವಿದೆ. ತಣ್ಣಗಾಗಿ ಬಂದ ನೀರಿನಿಂದ ಸ್ಥಾವರದವರು ಹೊಗೆಯನ್ನೂ ತಣಿಸುತ್ತಾರೆ. ಹೊಗೆಯೊಳಗಿನ ಹಬೆ ನೀರಾಗುವಾಗ ಬಿಡುವ ಶಾಖ ಚಿಮಣಿಯಲ್ಲಿ ಹಾರಿಹೋಗದೆ ಮತ್ತೆ ಊರಿಗೆ ಬರುತ್ತದೆ.

ಆದ್ದರಿಂದಲೇ ಇಲ್ಲಿನ ಹಲವು ಶಾಖ ಕಂಪನಿಗಳು ನೀರನ್ನು ಚೆನ್ನಾಗಿ ತಣಿಸಿ ಕಳಿಸುವವರಿಗೆ ರಿಯಾಯಿತಿ ಕೊಡುತ್ತವೆ, ಬಿಸಿಯಾಗಿಯೇ ಕಳಿಸುವವರಿಗೆ ಹೆಚ್ಚು ಹಣ ಹಾಕುತ್ತವೆ. ಬಿಲ್ಲಿನಲ್ಲಿ "ಅವ್‌ಕೋಲಿಂಗ್" ಎಂಬ ಡೇನಿಶ್ ಪದ ಕಂಡರೆ ಅದೇ ಇದು.

ನಮ್ಮವರಲ್ಲಿ ಒಂದು ಅಭ್ಯಾಸ ನೋಡಿದ್ದೇನೆ. ಹಾಲಿನಲ್ಲಿ ಮೂರು ರೇಡಿಯೇಟರ್ ಇದ್ದರೆ ಉಳಿತಾಯವೆಂದು ಎರಡನ್ನು ಮುಚ್ಚಿ ಒಂದನ್ನೇ 5ಕ್ಕೆ ತಿರುಗಿಸುವುದು! ಆಗುವುದು ಉಲ್ಟಾ: ಆ ಒಂದರಲ್ಲಿ ನೀರು ಭರದಿಂದ ಓಡಿ, ತಣಿಯುವ ಮೊದಲೇ ಹೊರಟುಹೋಗುತ್ತದೆ. ಮೂರನ್ನೂ ಒಂದೇ ಮಟ್ಟದಲ್ಲಿ, 2 ಅಥವಾ 3ಕ್ಕೆ ಇಡಿ. ಕೆಳಭಾಗವೂ ಮೇಲಿನಷ್ಟೇ ಸುಡುತ್ತಿದ್ದರೆ ವಾಲ್ವ್ ಅಂಟಿಕೊಂಡಿರಬಹುದು, ಕಟ್ಟಡದ ಉಸ್ತುವಾರಿಯವರಿಗೆ ಹೇಳಿ. (ಒಂದೇ ಪೈಪಿನ ಹಳೆಯ ಕಟ್ಟಡಗಳ ಲೆಕ್ಕ ಬೇರೆ, ಅಲ್ಲಿ ರೇಡಿಯೇಟರ್ ಪೂರ್ತಿ ಬಿಸಿಯಾಗಿರಬೇಕು.)

ಸ್ವಂತ ಮನೆಯವರಿಗೆ ಒಂದು ಮಾತು. ಉಳಿತಾಯದ ಹುರುಪಿನಲ್ಲಿ ಸ್ನಾನದ ನೀರಿನ ಟ್ಯಾಂಕನ್ನು ಮಾತ್ರ 50 ಡಿಗ್ರಿಗಿಂತ ಕೆಳಗಿಳಿಸಬೇಡಿ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದು ಬೆಚ್ಚಗಿನ ನೀರಿನಲ್ಲೇ, ವಯಸ್ಸಾದವರಿಗೆ ಅಪಾಯ ಹೆಚ್ಚು. ಊರಿಂದ ಅಪ್ಪ ಅಮ್ಮ ಬಂದಿದ್ದರೆ 55ರಿಂದ 60ರೊಳಗೇ ಇರಲಿ.