ಹಸುವಿನ ಹೊಟ್ಟೆಗೂ ಹೆಪ್ಪು

ದಿಲ್ಲಿಯ ಬೀದಿಗಳಲ್ಲಿ ಬೆಳಗಿನ ಹೊತ್ತು ಗೃಹಿಣಿಯರು ಮೊದಲ ರೊಟ್ಟಿಯನ್ನು ತೆಗೆದಿಟ್ಟು ಹಸುವಿಗೆ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ನಾಡಿನ ಗೋಗ್ರಾಸವೂ ಇಂಥದೇ. ಒಂದು ರೊಟ್ಟಿಯಿಂದ ಕೇಡೇನೂ ಇಲ್ಲ. ಆದರೆ ಮದುವೆಯ ಮನೆಯಲ್ಲಿ ಮಿಕ್ಕ ಪೂರಿ, ಅನ್ನ, ಹಲ್ವಗಳನ್ನು ಬುಟ್ಟಿಗಟ್ಟಲೆ ತಂದು ಒಂದೇ ಹಸುವಿನ ಮುಂದೆ ಸುರಿದರೆ, ಮರುದಿನ ಅದು ಮೇವು ಮುಟ್ಟದೆ, ಮೆಲುಕು ಹಾಕದೆ ಮಲಗಿಬಿಡಬಹುದು, ಸಾಯಲೂಬಹುದು. ಪುಣ್ಯವೆಂದು ಮಾಡಿದ ಕೆಲಸ ಪ್ರಾಣಕ್ಕೆ ಎರವಾಗುವುದು ಹೇಗೆ?

ಹಸುವಿನ ಜಠರದಲ್ಲಿ ನಾಲ್ಕು ಕೋಣೆಗಳುಂಟು. ಅವುಗಳಲ್ಲಿ ಮೊದಲನೆಯದೂ ಎಲ್ಲಕ್ಕಿಂತ ದೊಡ್ಡದೂ ಆದುದಕ್ಕೆ ರೂಮೆನ್ ಎಂದು ಹೆಸರು. ಬೆಳೆದ ಹಸುವಿನಲ್ಲಿ ಅದು ನೂರು ಲೀಟರಿನಷ್ಟು ಹಿಡಿಯಬಲ್ಲ ತೊಟ್ಟಿ. ಅದರೊಳಗಿನ ಶಾಖ ಸುಮಾರು 39 ಡಿಗ್ರಿ ಸೆಂಟಿಗ್ರೇಡ್. ಆಮ್ಲಜನಕಕ್ಕೆ ಅಲ್ಲಿ ಬಹುಮಟ್ಟಿಗೆ ಎಡೆಯಿಲ್ಲ. ಅಲ್ಲಿಯ ರಸದ ಒಂದೊಂದು ಮಿಲಿಲೀಟರಿನಲ್ಲಿಯೂ ಸುಮಾರು 1,000 ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ.

ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ಈ ಸೂಕ್ಷ್ಮಜೀವಿಗಳೇ ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಉಂಟುಮಾಡುತ್ತವೆ. ಹಸುವಿನ ಶಕ್ತಿಯ ಬಹುಪಾಲು ಬರುವುದು ಅವುಗಳಿಂದಲೇ. ಕಡೆಗೆ ಈ ಜೀವಿಗಳೂ ಮುಂದಿನ ಕೋಣೆಗಳಿಗೆ ಹರಿದು ಜೀರ್ಣವಾಗಿ ಹಸುವಿಗೆ ಸಸಾರಜನಕವನ್ನು ಒದಗಿಸುತ್ತವೆ. ಆದುದರಿಂದ ಹಸುವಿಗೆ ಉಣಿಸುವುದೆಂದರೆ ಮೊದಲು ಅದರ ಹೊಟ್ಟೆಯ ಜೀವಿಗಳಿಗೆ ಉಣಿಸುವುದು ಎಂದೇ ಅರ್ಥ.

ಹಿಟ್ಟು, ಕಾಳು, ಸಕ್ಕರೆಗಳು ಒಮ್ಮೆಲೇ ಬಂದು ಬಿದ್ದರೆ ಅವುಗಳನ್ನು ತ್ವರೆಯಾಗಿ ಹುದುಗಿಸುವ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆಯುತ್ತವೆ. ಮೊಸರಿಗೆ ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವೇ ಆಗ ರೂಮೆನ್ನಿನಲ್ಲಿ ಶೇಖರವಾಗುತ್ತದೆ. ಆ ಹುಳಿಯಲ್ಲಿ ನಾರನ್ನು ಕರಗಿಸುವ ಜೀವಿಗಳು ಬದುಕಲಾರವು. ಹಸು ಬೀಳುವುದು ಇದರಿಂದಲೇ.

ಇದಕ್ಕೆ ಉಪಾಯವುಂಟೆ? ಹಾಲಿಗೆ ಹೆಪ್ಪು ಹಾಕುವಂತೆ ಮೇವಿನೊಡನೆ ಹಿತಕರವಾದ ಬ್ಯಾಕ್ಟೀರಿಯಾಗಳನ್ನು ಬೆರೆಸಿ ಕೊಡುವುದು ವಿಜ್ಞಾನಿಗಳು ಕಂಡ ಒಂದು ಮಾರ್ಗ. ಮೆಗಾಸ್ಫೇರ ಎಲ್ಸ್‌ಡೆನಿ ಎಂಬುದು ಲ್ಯಾಕ್ಟಿಕ್ ಆಮ್ಲವನ್ನೇ ಆಹಾರವಾಗಿ ಮಾಡಿಕೊಳ್ಳುವ ಜೀವಿ. ಯೀಸ್ಟ್ ಎಂಬ ಶಿಲೀಂಧ್ರವೂ ಅಳಿದುಳಿದ ಆಮ್ಲಜನಕವನ್ನು ಹೀರಿ ನೆರವಾಗುತ್ತದೆ. ಪಶುವೈದ್ಯರು ಆರೋಗ್ಯವಂತ ಹಸುವಿನ ರೂಮೆನ್ ರಸವನ್ನು ತೆಗೆದು ರೋಗಿ ಹಸುವಿಗೆ ಕುಡಿಸುವುದೂ ಇದೇ ತತ್ತ್ವದ ಮೇಲೆ.

ಒಂದು ಜೀವಿಯ ಕೊರತೆ ಎಷ್ಟು ದೊಡ್ಡದೆಂಬುದಕ್ಕೆ ಸುಬಾಬುಲ್ ಮರದ ಕಥೆಯೇ ಸಾಕ್ಷಿ. ನಮ್ಮ ರೈತರಿಗೂ ಪರಿಚಿತವಾದ ಈ ಮೇವಿನ ಮರದ ಸೊಪ್ಪಿನಲ್ಲಿ ಮಿಮೊಸಿನ್ ಎಂಬ ವಿಷಾಂಶವುಂಟು. ಅದನ್ನು ಹೆಚ್ಚಾಗಿ ತಿಂದ ಆಸ್ಟ್ರೇಲಿಯದ ದನಗಳು ಕೂದಲು ಉದುರಿ, ಕೊರಳ ಗ್ರಂಥಿ ಊದಿ ಸೊರಗುತ್ತಿದ್ದವು. ಹವಾಯಿ ದ್ವೀಪದ ಆಡುಗಳಿಗಾದರೋ ಏನೂ ಆಗುತ್ತಿರಲಿಲ್ಲ. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಆ ಆಡುಗಳ ರೂಮೆನ್ನಿನ ಜೀವಿಗಳನ್ನು ಆಸ್ಟ್ರೇಲಿಯಕ್ಕೆ ತರಿಸಿ ದನಗಳಿಗೆ ಕೊಟ್ಟಾಗ ವಿಷದ ಬಾಧೆ ತಗ್ಗಿತು. ಆ ಬ್ಯಾಕ್ಟೀರಿಯಕ್ಕೆ 1992ರಲ್ಲಿ ಅವರ ಗೌರವಾರ್ಥ ಸಿನರ್ಜಿಸ್ಟಿಸ್ ಜೋನ್ಸಿ ಎಂದು ಹೆಸರಿಟ್ಟರು.

ನಮ್ಮ ದೇಶದಲ್ಲಿಯೂ ಇಂಥ ಅಧ್ಯಯನ ನಡೆಯುತ್ತಿದೆ. ದಿಲ್ಲಿಗೆ ಸಮೀಪದ ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ಹುಟ್ಟಿದುದು ಬೆಂಗಳೂರಿನಲ್ಲಿ, 1923ರಲ್ಲಿ. ಉತ್ತರಕ್ಕೆ ಬಂದುದು 1955ರಲ್ಲಿ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ಮತ್ತೊಂದು ರಾಷ್ಟ್ರೀಯ ಸಂಸ್ಥೆಯೂ ಇದೆ.

ಆದರೆ ಹೆಪ್ಪು ಎಷ್ಟೇ ಒಳ್ಳೆಯದಾದರೂ ಕೆಟ್ಟ ಹಾಲು ಮೊಸರಾದೀತೆ? ಹೊರಗಿನಿಂದ ಕೊಟ್ಟ ಜೀವಿಗಳು ಅನೇಕ ವೇಳೆ ರೂಮೆನ್ನಿನಲ್ಲಿ ನೆಲೆಯೂರುವುದಿಲ್ಲ, ದಿನದಿನವೂ ಕೊಡಬೇಕಾಗುತ್ತದೆ. ಫಲವೂ ಮೇವನ್ನು ಅವಲಂಬಿಸಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸಾಕಷ್ಟು ನಾರುಳ್ಳ ಮೇವು, ಶುದ್ಧವಾದ ನೀರು, ಆಹಾರದಲ್ಲಿ ನಿಧಾನವಾದ ಬದಲಾವಣೆ, ಇವೇ ಮೊದಲ ಮದ್ದು.

ಮುಂದೆ ನಿಮ್ಮ ಬೀದಿಗೆ ಹಸು ಬಂದಾಗ ಈ ಕಣ್ಣಿಗೆ ಕಾಣದ ಕೋಟಿ ಜೀವಿಗಳನ್ನು ನೆನೆಯಿರಿ. ಒಂದು ರೊಟ್ಟಿ ಕೊಡಿ, ಒಂದು ಹಿಡಿ ಹಸುರು ಮೇವು ಕೊಡಿ. ಔತಣದ ಎಂಜಲನ್ನು ಮಾತ್ರ ಸುರಿಯಬೇಡಿ. ಗೋಗ್ರಾಸವೆಂದರೆ ಒಂದು ತುತ್ತು. ಹಿರಿಯರು ಒಂದು ತುತ್ತೆಂದದ್ದು ಹಸುವಿಗೆ ಹಿತವೇ ಆಗಿದೆ.