ಬರೀ ‘ಚಕ್-ಚಕ್’ ಅಂದರೆ ಸಾಲದು

ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡೇ ಆ ಅಂಗಡಿಯಲ್ಲಿ ಮೂರು ತಾಸು ಕಳೆದೆ. ಪ್ರವಾಸಿ ವೀಸಾದಲ್ಲಿ ಅಮೆರಿಕಕ್ಕೆ ಹೋದವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಹಿಡಿಯುವ ಹಾಗಿಲ್ಲ. ಬಾಗಿಲಲ್ಲೇ ಇದನ್ನು ನೆನಪಿಸಿದವರು ನನ್ನನ್ನು ಕರೆದುಕೊಂಡು ಹೋಗಿದ್ದ ಗೆಳೆಯರು. ವಿರಾಜಪೇಟೆ ಕಡೆಯವರು, ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಮೂವತ್ತು ವರ್ಷದಿಂದ ವೈದ್ಯರು, ಈಗ ಅಲ್ಲಿನ ಪೌರರೇ. “ನೋಡಿ, ಕೇಳಿ, ಬೇಕಾದರೆ ಮೂಸಿ. ಮುಟ್ಟಬೇಡಿ ಮಾರಾಯ್ರೆ,” ಎಂದರು. ಹಾಗಾಗಿ ಈ ಲೇಖನದ ಬಹುಪಾಲು ಕಣ್ಣು, ಕಿವಿ, ಮೂಗಿನಿಂದ ಬಂದದ್ದು.

ಯೂಟಿಕಾದಿಂದ ಕಾರಿನಲ್ಲಿ ಅರ್ಧ ತಾಸಿನೊಳಗೆ ಐಲಿಯನ್ ಎಂಬ ಊರು ಸಿಗುತ್ತದೆ. ರೆಮಿಂಗ್ಟನ್ ಬಂದೂಕಿನ ತವರು. ಊರ ನಡುವೆ ಕೆಂಪು ಇಟ್ಟಿಗೆಯ ದೈತ್ಯ ಕಾರ್ಖಾನೆ. ಒಳಗೆ ಯಾರೂ ಇಲ್ಲ. ಅಲ್ಲಿ ಮೂವತ್ತೊಂದು ವರ್ಷ ದುಡಿದ ಒಬ್ಬ ಹಿರಿಯರು ಪಕ್ಕದ ಹಳ್ಳಿಯಲ್ಲಿ ಬಂದೂಕು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಮೇಜಿನ ಮೇಲೆ ಎರಡು ಪಂಪ್ ಬಂದೂಕುಗಳು ಮಲಗಿದ್ದವು (ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ-ಮುಂದೆ ಎಳೆದು ತೋಟೆ ತುಂಬುವಂಥವು), ಎರಡೂ 12 ಬೋರಿನವು. ಒಂದು ರೆಮಿಂಗ್ಟನ್ 870 ವಿಂಗ್‌ಮಾಸ್ಟರ್: ವಾಲ್‌ನಟ್ ಮರದ ಹಿಡಿ, ಕಪ್ಪುನೀಲಿ ಹೊಳಪು. ಇನ್ನೊಂದು ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು. ಆ ಹೊಸದು ಯಾವ ಕಂಪನಿಯದೆಂದು ಇಲ್ಲಿ ಬೇಡ. ಪೇಟೆಯಲ್ಲಿರುವ ಹಲವಾರು ಹೆಸರುಗಳಲ್ಲಿ ಒಂದು, ಅಷ್ಟೆ.

ಮೊದಲು ಹಿರಿಯರು ಎರಡನ್ನೂ ಖಾಲಿಯಾಗಿ ಆಡಿಸಿದರು. ಸಿನಿಮಾದಲ್ಲಿ ಕೇಳುತ್ತೇವಲ್ಲ, ‘ಚಕ್-ಚಕ್’. ಹಳೆಯದರ ಸದ್ದು ಗಾಜಿನ ಮೇಲೆ ಎಣ್ಣೆ ಹಚ್ಚಿ ಉಜ್ಜಿದಂತೆ ನುಣ್ಣಗಿತ್ತು. ಹೊಸದು ಮರಳು ಬಿದ್ದ ಬಾಗಿಲ ಚಿಲಕ. ಗೆಳೆಯರು ನನ್ನ ಮುಖ ನೋಡಿ ನಕ್ಕರು: “ತಿಳೀತಲ್ಲ? ಹಳೇದು ಹಳೇದೇ.”

ಸದ್ದು ಕೇಳಿ ತೀರ್ಪು ಕೊಡುವುದಾದರೆ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಂಗಡಿಯ ಹಿಂದೆ ಮಣ್ಣಿನ ದಿಬ್ಬವೊಂದಿತ್ತು. ಗುರಿ ಹೊಡೆಯುವ ಜಾಗ. ಅಗ್ಗದ ತೋಟೆಗಳ ಎರಡು ಪೆಟ್ಟಿಗೆ ಬಂದವು, ಒಂದೊಂದರಲ್ಲಿ ಇಪ್ಪತ್ತೈದು. ಗೆಳೆಯರು ಈಡು ಹೊಡೆಯುವುದು, ನಾನು ಜೇಬಿನೊಳಗೇ ಬೆರಳು ಮಡಚಿ ಎಣಿಸುವುದು.

ವಿಂಗ್‌ಮಾಸ್ಟರಿನ ಇಪ್ಪತ್ತೈದೂ ಖಾಲಿ ತೋಟೆಗಳು ಸಲೀಸಾಗಿ ಹೊರಗೆ ಹಾರಿದವು. ಹೊಸದರಲ್ಲಿ ಏಳನೆಯದು ಸಿಕ್ಕಿಕೊಂಡಿತು. ಹಿಡಿಯನ್ನು ಹಿಂದಕ್ಕೆ ಎಳೆದರೆ ಬರುವುದಿಲ್ಲ, ಮುಂದಕ್ಕೆ ಹೋಗುವುದಿಲ್ಲ. ಹಿರಿಯರು ಬಂದು, ನಳಿಗೆಯನ್ನು ಆಕಾಶಕ್ಕೆ ಮಾಡಿ, ಬುಡವನ್ನು ಹಲಗೆಗೆ ಕುಟ್ಟುತ್ತಲೇ ಹಿಡಿಯನ್ನು ಜಗ್ಗಿದರು. ಕಿತ್ತುಕೊಂಡು ಬಂತು. ಹದಿನಾರನೆಯದೂ ಹಾಗೇ, ಇಪ್ಪತ್ತೆರಡನೆಯದೂ ಹಾಗೇ. ಕಾಡಿನಲ್ಲಿ ಹಂದಿ ತಿರುಗಿ ನಿಂತಾಗ ಬುಡ ಕುಟ್ಟಲು ಹಲಗೆ ಹುಡುಕಬೇಕಾದ ಪರಿಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಒಂದು ವಿಷಯ ಮಾತ್ರ ನಾನು ಗುಟ್ಟಾಗಿ ಗುರುತು ಹಾಕಿಕೊಂಡೆ. ವಿಂಗ್‌ಮಾಸ್ಟರ್ ಕೂಡ ಒಮ್ಮೆ ‘ಟಕ್’ ಎಂದು ಬರಿದಾಗಿ ಸದ್ದು ಮಾಡಿತ್ತು; ಒಳಗೆ ತೋಟೆಯೇ ಹೋಗಿರಲಿಲ್ಲ. “ನೀವು ಹಿಡಿಯನ್ನು ಪೂರ್ತಿ ಎಳೆಯಲಿಲ್ಲ ಡಾಕ್ಟರ್, ಕೋವಿಯ ತಪ್ಪಲ್ಲ,” ಎಂದು ಹಿರಿಯರು ತಕ್ಷಣ ವಕಾಲತ್ತು ಹಾಕಿದರು. ಮಾತು ಸರಿಯೇ. ಪಂಪ್ ಬಂದೂಕಿನ ಎಂಜಿನ್ ಮನುಷ್ಯನ ಎಡಗೈ. ಅದು ಅರ್ಧಕ್ಕೆ ನಿಂತರೆ ಬಂದೂಕೂ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಹಳೆಯದು ತಪ್ಪಿದರೆ ದೂರು ಕೈಯ ಮೇಲೆ, ಹೊಸದು ತಪ್ಪಿದರೆ ಕೋವಿಯ ಮೇಲೆ ಎಂಬ ಈ ನ್ಯಾಯವನ್ನು ಆ ದಿನವಿಡೀ ನೋಡಿದೆ.

ಹೊಸದು ಯಾಕೆ ಹೀಗೆ ಮಾಡಿತು? ಹಿರಿಯರು ನಳಿಗೆ ಬಿಚ್ಚಿ, ತೋಟೆ ಕೂರುವ ಚೇಂಬರಿಗೆ ಸಣ್ಣ ಟಾರ್ಚ್ ಹಿಡಿದರು. ನಾನು ಬಗ್ಗಿ ನೋಡಿದೆ. ಗ್ರಾಮಾಫೋನ್ ತಟ್ಟೆಯ ಗೆರೆಗಳಂತೆ ಉಳಿಯ ಗುರುತು ಸುತ್ತಲೂ ಕಾಣುತ್ತಿತ್ತು. ಕೊರೆದ ಮೇಲೆ ಯಾರೂ ಅದನ್ನು ಉಜ್ಜಿ ನಯ ಮಾಡಿರಲಿಲ್ಲ. ಇನ್ನೊಂದು ಕಾರಣ ತೋಟೆಯದ್ದು. ಒಳ್ಳೆಯ ತೋಟೆಯ ಬುಡಕ್ಕೆ ಹಿತ್ತಾಳೆ. ಅಗ್ಗದ್ದಕ್ಕೆ ಹಿತ್ತಾಳೆ ಬಣ್ಣ ಬಳಿದ ಉಕ್ಕು. ಈಡು ಹಾರಿದಾಗ ಎರಡೂ ಉಬ್ಬುತ್ತವೆ. ಹಿತ್ತಾಳೆ ಕೂಡಲೇ ಕುಗ್ಗಿ ಗೋಡೆಯನ್ನು ಬಿಡುತ್ತದೆ, ಉಕ್ಕು ಅಷ್ಟು ಬೇಗ ಕುಗ್ಗುವುದಿಲ್ಲ. ಗೋಡೆ ಒರಟಾಗಿದ್ದರೆ ಕಚ್ಚಿಯೇ ಬಿಡುತ್ತದೆ. ಪರೀಕ್ಷೆಗೆಂದು ಹಿತ್ತಾಳೆ ಬುಡದ ಹತ್ತು ತೋಟೆ ಹಾಕಿದರು. ಹತ್ತೂ ಹೊರಗೆ ಬಂದವು.

ಹಿರಿಯರ ನಿಜವಾದ ಸಿಟ್ಟು ಇದ್ದದ್ದು ಖಾಲಿ ತೋಟೆಯನ್ನು ಎಳೆದು ತೆಗೆಯುವ ಕೊಕ್ಕೆಯ ಮೇಲೆ. ಉಗುರಿನಷ್ಟು ಗಾತ್ರದ್ದು. ಹಿಂದೆ ಇದನ್ನು ಉಕ್ಕಿನ ತುಂಡಿನಿಂದ ಕಡೆದು ತೆಗೆಯುತ್ತಿದ್ದರು. ಈಗ ಅನೇಕ ಬಂದೂಕುಗಳಲ್ಲಿ ಲೋಹದ ಪುಡಿಯನ್ನು ಅಂಟಿನಲ್ಲಿ ಕಲಸಿ, ಚಕ್ಕುಲಿ ಹಿಟ್ಟಿನಂತೆ ಅಚ್ಚಿಗೆ ಒತ್ತಿ, ಕುಲುಮೆಯಲ್ಲಿ ಬೇಯಿಸುತ್ತಾರೆ. ಅವರ ಪ್ರಕಾರ ಇದು ಮಹಾಪಾಪ. ನನಗೆ ಅಷ್ಟು ಅನ್ನಿಸಲಿಲ್ಲ. ಇದೇ ವಿಧಾನದ ಬಿಡಿಭಾಗಗಳು ಕಾರಿನಲ್ಲೂ ಇವೆ, ಶಸ್ತ್ರಚಿಕಿತ್ಸೆಯ ಉಪಕರಣಗಳಲ್ಲೂ ಇವೆ. ನಮ್ಮ ಡಾಕ್ಟರೇ ಅವನ್ನು ದಿನಾ ಹಿಡಿಯುತ್ತಾರೆ. ಕೊಕ್ಕೆಯ ಕತೆ ಅರ್ಧ ಪುರಾಣ, ಚೇಂಬರಿನ ಕತೆ ಪೂರ್ತಿ ನಿಜ.

ಇನ್ನು ಚರಿತ್ರೆ. ಹಳೆಯದರ ಆರಾಧಕರು ಇದನ್ನು ಓದಿಕೊಂಡರೆ ಒಳ್ಳೆಯದು. ಇಂದು ದೇವರ ಕೋಣೆಯಲ್ಲಿಡುವ 870 ಇದೆಯಲ್ಲ, 1950ರಲ್ಲಿ ಪೇಟೆಗೆ ಬಂದಾಗ ಅದೇ ‘ಅಗ್ಗದ ಹೊಸ ಮಾಲು’. ರೆಮಿಂಗ್ಟನ್ನಿನದೇ ಮಾಡೆಲ್ 31 ಅದಕ್ಕಿಂತ ನಾಜೂಕಾಗಿತ್ತು, ಆದರೆ ತಯಾರಿಕೆ ದುಬಾರಿ. ಎದುರಿಗೆ ವಿಂಚೆಸ್ಟರ್ ಮಾಡೆಲ್ 12 ಕೂತಿತ್ತು: 1912ರಿಂದ ಸುಮಾರು 20 ಲಕ್ಷ ತಯಾರಾದ ಬಂದೂಕು. ಇದನ್ನು ಸೋಲಿಸಬೇಕಾದರೆ ಕಡೆಯುವ ಕೆಲಸ ಕಡಿಮೆ ಮಾಡಿ, ಒತ್ತಿ ತೆಗೆದ ಭಾಗಗಳನ್ನು ಹೆಚ್ಚಿಸಿ, ಯಾವ ನಳಿಗೆ ಬೇಕಾದರೂ ಅರ ಹಾಕದೆ ಕೂರುವಂತೆ ಮಾಡಬೇಕಿತ್ತು. ಮಾಡಿದರು. ಮಾಡೆಲ್ 12 ಈ ಬೆಲೆಯ ಯುದ್ಧದಲ್ಲಿ ಉಳಿಯಲಿಲ್ಲ. ಅದನ್ನು ನಿಲ್ಲಿಸಿ 1964ರಲ್ಲಿ ಹಗುರ ಮಿಶ್ರಲೋಹದ ಮಾಡೆಲ್ 1200 ತಂದಾಗಿನಿಂದ ‘64ಕ್ಕೆ ಮೊದಲಿನ ವಿಂಚೆಸ್ಟರ್’ ಎಂಬ ಮಾತೇ ಅಮೆರಿಕದಲ್ಲಿ ಒಂದು ಅಳತೆಗೋಲಾಯಿತು. ಮಾಸ್‌ಬರ್ಗ್ 500 ಅಲ್ಯೂಮಿನಿಯಂ ಒಡಲಿನೊಂದಿಗೆ ಬಂದಾಗಲೂ ಮೂಗು ಮುರಿದವರಿದ್ದರು. 2013ರ ಹೊತ್ತಿಗೆ ಅದು ಒಂದು ಕೋಟಿ ದಾಟಿತು. 870 ಆ ಗೆರೆಯನ್ನು 2009ರಲ್ಲೇ ದಾಟಿತ್ತು.

ಬೆಲೆ ಇಳಿಸುವ ಮುಂದಿನ ಹೆಜ್ಜೆ 1987ರ 870 ಎಕ್ಸ್‌ಪ್ರೆಸ್. ಒಳಗಿನ ಯಂತ್ರ ವಿಂಗ್‌ಮಾಸ್ಟರಿನದೇ. ಹೊಳಪು ಹೋಗಿ ಮಂಕು ಮೈ ಬಂತು. ಬೇಗ ತುಕ್ಕು ಹಿಡಿಯುತ್ತದೆ, ಚೇಂಬರ್ ಒರಟು ಎಂಬ ದೂರುಗಳು ಅದರ ಬೆನ್ನಿಗೆ ಅಂಟಿಕೊಂಡವು. 2007ರಲ್ಲಿ ಸೆರ್ಬರಸ್ ಎಂಬ ಹೂಡಿಕೆ ಸಂಸ್ಥೆ ರೆಮಿಂಗ್ಟನ್ನನ್ನು ಕೊಂಡಿತು. ಆಮೇಲೆ ಮಾರ್ಲಿನ್ ಕಂಪನಿಯನ್ನೂ ಸೇರಿಸಿಕೊಂಡು ಅದರ ಕನೆಕ್ಟಿಕಟ್ ಕಾರ್ಖಾನೆ ಮುಚ್ಚಿದರು. ಯಂತ್ರಗಳು ಐಲಿಯನ್ನಿಗೆ ಬಂದವು, ಆ ಯಂತ್ರಗಳ ಹುಚ್ಚಾಟ ಗೊತ್ತಿದ್ದ ಕೆಲಸಗಾರರು ಬರಲಿಲ್ಲ. ‘ಜೆಎಂ’ ಮುದ್ರೆಯ ಹಳೆಯ ಮಾರ್ಲಿನ್ ಹುಡುಕುವ ಗಿರಾಕಿಗಳು ಹುಟ್ಟಿಕೊಂಡದ್ದು ಹಾಗೆ. ರೆಮಿಂಗ್ಟನ್ 2018ರಲ್ಲಿ ದಿವಾಳಿ, 2020ರಲ್ಲಿ ಮತ್ತೆ ದಿವಾಳಿ, ಹರಾಜು. ಹೊಸ ಒಡೆಯರು ಕೆಲಸವನ್ನು ಜಾರ್ಜಿಯಾ ರಾಜ್ಯಕ್ಕೆ ಸಾಗಿಸಿದರು. 2024ರ ಮಾರ್ಚಿನಲ್ಲಿ ಐಲಿಯನ್ನಿನ ಬಾಗಿಲು ಮುಚ್ಚಿತು.

ಇದೇ ಕಾರ್ಖಾನೆಯಿಂದ 1870ರ ದಶಕದಲ್ಲಿ ಜಗತ್ತಿನ ಮೊದಲ ಯಶಸ್ವಿ ಟೈಪ್‌ರೈಟರ್ ಹೊರಬಂದಿತ್ತು ಎಂಬುದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಹೊಲಿಗೆ ಯಂತ್ರ ಮಾಡುತ್ತಿದ್ದವರೇ ಮಾಡಿದ್ದರಿಂದ ಅದಕ್ಕೂ ಹೂಬಳ್ಳಿ ಚಿತ್ರ, ಕಾಲಲ್ಲಿ ತುಳಿಯುವ ಪೆಡಲ್. ದೊಡ್ಡ ಅಕ್ಷರಗಳನ್ನು ಮಾತ್ರ ಹೊಡೆಯುತ್ತಿತ್ತು. ಅದೂ ಸಿಕ್ಕಿಕೊಳ್ಳುತ್ತಿತ್ತು!

ಅಕ್ಷರ ಎಂದಾಗ ನೆನಪಾಯಿತು. ಆ ಮೂರು ತಾಸಿನಲ್ಲಿ ನನಗೆ ಹುಚ್ಚು ಹಿಡಿಸಿದ ಸಂಗತಿ ಬೇರೆಯೇ. ವಿಂಗ್‌ಮಾಸ್ಟರ್ ಯಾವ ಕಾಲದ್ದು ಎಂದು ಕೇಳಿದಾಗ ಹಿರಿಯರು ನಳಿಗೆಯ ಬುಡದಲ್ಲಿದ್ದ ಎರಡು ಪುಟ್ಟ ಅಕ್ಷರ ನೋಡಿ “1957, ಜುಲೈ” ಎಂದರು. ತಿಂಗಳೂ ಹೇಳಿದಿರಲ್ಲ? ನಕ್ಕು ಕಾಗದದ ಮೇಲೆ ಬರೆದುಕೊಟ್ಟರು: ‘ಬ್ಲ್ಯಾಕ್ ಪೌಡರ್ ಎಕ್ಸ್’. ಕರಿಮದ್ದಿಗೆ ಇಂಗ್ಲಿಷಿನಲ್ಲಿರುವ ಹೆಸರು. ಆ ಪದದಲ್ಲಿ ಹನ್ನೊಂದು ಅಕ್ಷರ, ಒಂದೂ ಮರುಕಳಿಸುವುದಿಲ್ಲ. ಹನ್ನೆರಡನೇ ತಿಂಗಳಿಗೆ ಬಾಲದಂತೆ ‘ಎಕ್ಸ್’ ಸೇರಿಸಿದ್ದಾರೆ. ಜನವರಿ ‘ಬಿ’, ಫೆಬ್ರವರಿ ‘ಎಲ್’, ಹೀಗೆ ಜುಲೈಗೆ ‘ಓ’. ಪಕ್ಕದ ಅಕ್ಷರ ವರ್ಷದ್ದು. ನಾನು ಹುಟ್ಟಿದ್ದು ‘ಕೆ’ ತಿಂಗಳಲ್ಲಿ, ಮದುವೆಯಾದದ್ದು ‘ಎ’ ತಿಂಗಳಲ್ಲಿ. ಒಂದಕ್ಷರವೂ ಮರುಕಳಿಸದ ಹನ್ನೆರಡಕ್ಷರದ ಕನ್ನಡ ಪದ ಯಾವುದಾದರೂ ಇದೆಯೇ ಎಂದು ವಾಪಸು ಬರುವ ವಿಮಾನದಲ್ಲಿ ಗಂಟೆಗಟ್ಟಲೆ ತಲೆ ಕೆರೆದುಕೊಂಡೆ. ಸಮಾಸ ಹೊಲಿದು ಹೊಲಿದು ಸುಸ್ತಾಯಿತು.

ಹೀಗೆ ಮೈಮರೆತಿದ್ದಾಗಲೇ ಹಿರಿಯರು ಇನ್ನೊಂದು ಮಾತು ಸೇರಿಸಿದ್ದರು: ಆ ಅಕ್ಷರ ಹೇಳುವುದು ನಳಿಗೆಯ ಜನ್ಮದಿನವನ್ನು. 870ರ ನಳಿಗೆಯನ್ನು ಯಾರು ಬೇಕಾದರೂ ಬಿಚ್ಚಿ ಬೇರೆಯದು ಹಾಕಬಹುದಲ್ಲ? 57ರ ನಳಿಗೆ ಎಂಬತ್ತರ ಒಡಲಿನ ಮೇಲೆ ಕೂತಿರಬಹುದು. ಅಕ್ಷರವೊಂದನ್ನೇ ನಂಬಿ ‘ಹಳೆಯದು’ ಎಂದು ಹೆಚ್ಚು ಹಣ ಕೊಡುವವರು ಎಷ್ಟು ಮಂದಿಯೋ.

ಗೆಳೆಯರು ಮಾತ್ರ ಜಗ್ಗಲಿಲ್ಲ. “ನಮ್ಮಜ್ಜನ ಜೋಡುನಳಿಗೆ ಕೋವಿ ಮೂರು ತಲೆಮಾರಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ, ಗೊತ್ತುಂಟಾ?” ಎಂದರು. ಕೊಡವರಿಗೆ ಕೋವಿ ಮನೆಯ ಸದಸ್ಯ. ಅವರಿಗಿರುವ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ಕೋವಿಯೊಂದಿಗಿನ ಆ ನಂಟಿನ ಬಗ್ಗೆ ನನಗೆ ಗೌರವವೇ. ಆದರೂ ಕೇಳಿದೆ: “ವರ್ಷಕ್ಕೆ ಎಷ್ಟು ಈಡು ಹಾರುತ್ತದೆ ಡಾಕ್ಟ್ರೇ?” ಕೈಲ್‌ಪೊಳ್ದಿಗೆ (ನಮ್ಮ ಆಯುಧಪೂಜೆಯಂಥ ಹಬ್ಬ) ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ, ತೆಂಗಿನಕಾಯಿಗೆ ಗುರಿ, ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಬೆರಳು ಮಡಚುತ್ತಾ ಅವರೇ ನಕ್ಕರು. ವರ್ಷಕ್ಕೆ ಹತ್ತು ಈಡು, ಮುನ್ನೂರೈವತ್ತು ದಿನ ಎಣ್ಣೆ ಬಟ್ಟೆಯ ಆರೈಕೆ. ಜೋಡುನಳಿಗೆಯಲ್ಲಿ ಸಿಕ್ಕಿಕೊಳ್ಳಲು ಪಂಪೂ ಇಲ್ಲ.

ಕೈಕೊಟ್ಟ ಹಳೆಯ ಬಂದೂಕುಗಳು ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಅವು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. 1957ರಲ್ಲಿ ಹುಟ್ಟಿ ಇಂದಿಗೂ ಮೇಜಿನ ಮೇಲಿರುವುದು ತನ್ನ ವಾರಿಗೆಯವರಲ್ಲಿ ಗಟ್ಟಿಯಾಗಿದ್ದದ್ದು. ಅದರ ಚೇಂಬರನ್ನು ಕಾರ್ಖಾನೆ ಎಷ್ಟು ನಯ ಮಾಡಿತ್ತೋ, ಸಾವಿರಾರು ತೋಟೆಗಳು ಹಾದುಹೋಗಿ ಅದಕ್ಕಿಂತ ಹೆಚ್ಚು ನಯ ಮಾಡಿವೆ. ನಿನ್ನೆ ಪೆಟ್ಟಿಗೆಯಿಂದ ಬಂದದ್ದನ್ನು ಇದರ ಜೊತೆ ಕುಸ್ತಿಗೆ ಬಿಟ್ಟರೆ ನ್ಯಾಯವೇ?

ಮುದುಕನಿಗೂ ಕಾಯಿಲೆಗಳಿವೆ. ಆ ಕಾಲದ ವಿಂಗ್‌ಮಾಸ್ಟರಿನ ಚೇಂಬರ್ ಎರಡೂಮುಕ್ಕಾಲು ಇಂಚಿನದು. ಇಂದಿನ ಮೂರಿಂಚಿನ ತೋಟೆ ಅದರೊಳಗೆ ಕೂತಂತೆ ಕಂಡರೂ ಹಾರಿಸುವುದು ಅಪಾಯ. ಈಡಾದ ಮೇಲೆ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಅಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ನಿಷೇಧ. ಬದಲಿಗೆ ಬಂದ ಉಕ್ಕಿನ ಚರೆ ಹಳೆಯ ಬಿಗಿ ಬಾಯಿಯ ನಳಿಗೆಗಳನ್ನು ಕೆಡಿಸಬಲ್ಲದು. ಸ್ಪ್ರಿಂಗು ಸೋಲುತ್ತದೆ. 870ರಲ್ಲಿ ತೋಟೆ ಹೊರದೂಡುವ ಪಟ್ಟಿಯನ್ನು ಒಡಲಿಗೇ ರಿವೆಟ್ ಹೊಡೆದಿರುವುದರಿಂದ ಅದು ಮುರಿದರೆ ಮನೆಯಲ್ಲಿ ಕೂತು ಬದಲಿಸುವಂತಿಲ್ಲ.

ಮರುದಿನ ಮತ್ತೆ ಹೋದೆವು. ಹಿರಿಯರು ಕೈ ಡ್ರಿಲ್ಲಿನ ತುದಿಗೆ ಕಡ್ಡಿ ಸಿಕ್ಕಿಸಿ, ಅದಕ್ಕೆ ನುಣುಪು ಉಕ್ಕಿನ ನಾರು ಸುತ್ತಿ, ಎಣ್ಣೆ ಬಿಟ್ಟು ಹೊಸ ಬಂದೂಕಿನ ಚೇಂಬರನ್ನು ಉಜ್ಜಿದರು. ಗಡಿಯಾರ ನೋಡಿಕೊಂಡೆ, ಹದಿನೈದು ನಿಮಿಷ. ಅದೇ ಅಗ್ಗದ ತೋಟೆಯ ಇನ್ನೊಂದು ಪೆಟ್ಟಿಗೆ ತೆರೆದರು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹೊರಗೆ ಬಂದವು. ಸದ್ದು ಮಾತ್ರ ಮೊದಲಿನಂತೆ ಮರಳು ಬಿದ್ದ ಚಿಲಕವೇ.

ಇಷ್ಟು ಕಂಡ ಮೇಲೆ ನನ್ನ ತೀರ್ಪು ಹೀಗೆ. ಪಂಪಿನ ಯಂತ್ರ ಎಪ್ಪತ್ತು ವರ್ಷದಲ್ಲಿ ಕೆಟ್ಟಿಲ್ಲ. ಕಾರ್ಖಾನೆ ಮಾಡಬೇಕಿದ್ದ ಕೊನೆಯ ಹದಿನೈದು ನಿಮಿಷದ ಕೆಲಸ ಈಗ ಗಿರಾಕಿಯ ಪಾಲಿಗೆ ಬಂದಿದೆ, ಖರ್ಚೂ ಅವನದೇ. ಕೈಗೆ, ಕಣ್ಣಿಗೆ ಹಿತವಾಗಿರಲಿ ಎಂದಾದರೆ ಹಳೆಯದನ್ನು ಕೊಳ್ಳಿ. ಕೈಕೊಡಬಾರದು ಎಂಬುದಷ್ಟೇ ಮುಖ್ಯವಾದರೆ ಹೊಸದನ್ನು ಕೊಂಡು, ಚೇಂಬರ್ ತೋರಿಸಿ, ನೂರು ತೋಟೆ ಹಾರಿಸಿ ನೋಡಿ, ಆಮೇಲೆ ನಂಬಿ.

ಹೊರಡುವ ಮುನ್ನ ಗೆಳೆಯರು ವಿಂಗ್‌ಮಾಸ್ಟರಿನ ಬೆಲೆ ಕೇಳಿದರು. ಹಿರಿಯರು ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಹಿಂದುಮುಂದಾಗಿದ್ದ ಚೀಟಿಯನ್ನು ನಮ್ಮ ಕಡೆ ತಿರುಗಿಸಿದರು. ‘ಮಾರಾಟಕ್ಕಿಲ್ಲ’ ಎಂದಿತ್ತು.