ಮೂತ್ರಜನಕಾಂಗದ ಹರಳು: ಒಂದು ಅವಧಿಯ ಪಾಠ

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಘಟಕದಲ್ಲಿ ವಿಸರ್ಜನೆಯ ಭಾಗ ಬಂದಾಗ ಮಕ್ಕಳು ನೆಫ್ರಾನಿನ ಚಿತ್ರಕ್ಕಿಂತ ಮೊದಲು ಕೇಳಿದ್ದು ಹರಳಿನ ಬಗ್ಗೆ. ಹಳಿಯಾಳದ ಕಬ್ಬಿನ ಹೊಲ, ಮುಂಡಗೋಡದ ಭತ್ತದ ಗದ್ದೆ, ದಾಂಡೇಲಿಯ ಕಾರ್ಖಾನೆಗಳಲ್ಲಿ ಬೆವರು ಸುರಿಸಿ ದುಡಿಯುವವರ ಮನೆಗಳಲ್ಲಿ ‘ಕಿಡ್ನಿ ಸ್ಟೋನ್’ ಹೊಸ ಮಾತಲ್ಲ. ಆದ್ದರಿಂದ ಬೋಧನಾಭ್ಯಾಸದಲ್ಲಿ ಇದಕ್ಕೆಂದೇ ಒಂದು ಅವಧಿ ಮೀಸಲಿಟ್ಟೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಅದರ ಹಂತಗಳನ್ನು ಇಲ್ಲಿ ಬರೆದಿದ್ದೇನೆ.

ಹರಳು ಹೇಗಾಗುತ್ತದೆ?

ಕಲ್ಲುಸಕ್ಕರೆಯಿಂದ ಆರಂಭಿಸಿದೆ. ಗಟ್ಟಿ ಸಕ್ಕರೆಪಾಕದಲ್ಲಿ ದಾರ ಇಳಿಬಿಟ್ಟು ಕೆಲವು ದಿನ ಇಟ್ಟರೆ ಅದರ ಸುತ್ತ ಹರಳು ಕಟ್ಟುತ್ತದೆ. ಪಾಕಕ್ಕೆ ಸಾಕಷ್ಟು ನೀರು ಬೆರೆಸಿದರೆ ಕಟ್ಟುವುದಿಲ್ಲ. ಮೂತ್ರದಲ್ಲಿಯೂ ಹಾಗೆಯೇ. ಮೂತ್ರಜನಕಾಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ಮರಳಿ ಹೀರಿಕೊಂಡು, ಒಂದೂವರೆ–ಎರಡು ಲೀಟರನ್ನಷ್ಟೇ ಹೊರಬಿಡುತ್ತವೆ. ಬೆವರು ಹೆಚ್ಚಾಗಿ, ಕುಡಿಯುವ ನೀರು ಕಡಿಮೆಯಾದರೆ ಮೂತ್ರ ಸಾಂದ್ರವಾಗಿ ಲವಣಗಳು ಹರಳುಗಟ್ಟುತ್ತವೆ. ಹೆಚ್ಚಿನ ಹರಳುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಯೂರಿಕ್ ಆಮ್ಲದವು, ಸೋಂಕಿನಿಂದಾಗುವವು ಕೂಡ ಇವೆ.

ನೋವು ಏಕೆ?

ಹರಳು ಮೂತ್ರಜನಕಾಂಗದಲ್ಲೇ ಇರುವಾಗ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕೆಲವೇ ಮಿಲಿಮೀಟರ್ ಅಗಲದ ಮೂತ್ರನಾಳಕ್ಕೆ ಇಳಿದು ಸಿಕ್ಕಿಕೊಂಡರೆ ಮೂತ್ರ ಹಿಂದೆ ಕಟ್ಟಿ ನಿಲ್ಲುತ್ತದೆ. ಆಗ ಪಕ್ಕೆಯಿಂದ ತೊಡೆಸಂದಿಯವರೆಗೆ ಅಲೆಅಲೆಯಾಗಿ ನೋವು, ವಾಂತಿ, ಕೆಲವೊಮ್ಮೆ ಮೂತ್ರದಲ್ಲಿ ರಕ್ತ.

“ಎಲ್ಲಾರಿಗೂ ಆಪರೇಷನ್ ಮಾಡ್ತಾರೇನ್ರಿ ಸರ್?”

ಇದು ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ. ಇಲ್ಲ ಎಂದೆ. 5 ಮಿಲಿಮೀಟರಿಗಿಂತ ಚಿಕ್ಕವು ಬಹುಮಟ್ಟಿಗೆ ತಾವಾಗಿಯೇ ಹೋಗುತ್ತವೆ. ವೈದ್ಯರು ನೋವಿಗೆ ಔಷಧ ಕೊಟ್ಟು ಕೆಲವು ವಾರ ಕಾಯುತ್ತಾರೆ. ದೊಡ್ಡದಕ್ಕೆ ಮೂರು ದಾರಿಗಳಿವೆ: ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿಮಾಡುವುದು (1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲು ಮಾಡಿದರು), ಮೂತ್ರಮಾರ್ಗದಿಂದ ದೂರ್ಬೀನು ತೂರಿಸಿ ಲೇಸರಿನಿಂದ ಒಡೆಯುವುದು, 2 ಸೆಂಟಿಮೀಟರಿಗಿಂತ ದೊಡ್ಡದಾದರೆ ಬೆನ್ನಿನಲ್ಲಿ ಚಿಕ್ಕ ರಂಧ್ರ ಮಾಡಿ ತೆಗೆಯುವುದು.

ನಂಬಿಕೆಗಳು

ಹುರುಳಿ ಕಟ್ಟು, ಬಾಳೆದಿಂಡಿನ ರಸ, ಬಿಯರ್ ಎಂದು ಮಕ್ಕಳು ಪಟ್ಟಿ ಕೊಟ್ಟರು. ಮನೆಯವರನ್ನು ಹಗುರ ಮಾಡದೆ ಉತ್ತರಿಸಬೇಕು. ಹುರುಳಿ, ಬಾಳೆದಿಂಡು ಊಟದಲ್ಲಿ ಇರಲಿ. ಆದರೆ ಸಿಕ್ಕಿಕೊಂಡ ಹರಳಿಗೆ ಅವು ಚಿಕಿತ್ಸೆಯಲ್ಲ. ಬಿಯರ್ ಖಂಡಿತ ಔಷಧವಲ್ಲ. ಟೊಮೆಟೊ ಬೀಜ ಹರಳಾಗುವುದಿಲ್ಲ. ಹಾಲು–ಮೊಸರು ಬಿಡಬೇಕಿಲ್ಲ: ಊಟದೊಂದಿಗಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು.

ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ ಬೆಳಗಾಗಲೆಂದು ಕಾಯುವಂತಿಲ್ಲ ಎಂಬುದನ್ನು ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಜೋಯಿಡಾದ ಕಾಡಿನೊಳಗಿನ ಮಜಿರೆಗಳಿಂದ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳು ದೂರ. ಅಲ್ಲಿನವರು ಹೊರಡಲು ಬೇಗ ನಿರ್ಧರಿಸಬೇಕು.

ಮೌಲ್ಯಮಾಪನ

ಕೊನೆಗೆ ಹೆಸರು ಬರೆಯದ ಚೀಟಿಯಲ್ಲಿ ಒಂದು ಪ್ರಶ್ನೆ: ಶಾಲೆಯಲ್ಲಿ ಎಷ್ಟು ನೀರು ಕುಡಿಯುತ್ತೀರಿ? ಬಾಟಲಿ ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ಹೋಗುತ್ತದೆ ಎಂದು ಹಲವು ಚೀಟಿಗಳಲ್ಲಿತ್ತು. ಒಂದರಲ್ಲಿ ಕಾರಣವೂ ಇತ್ತು: “ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ.” ಪಾಠ ಅರ್ಥವಾಗಿದೆ, ಪಾಲಿಸಲು ಅನುಕೂಲವಿಲ್ಲ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ಅಂಥ ಗಂಟೆ ನಾವೂ ಬಾರಿಸಬಹುದು. ಅದಕ್ಕೂ ಮೊದಲು ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ ಇವೆಯೇ ಎಂದು ನೋಡಬೇಕು. ವಿಸರ್ಜನೆಯ ಪಾಠಯೋಜನೆ ಬರೆಯುವವರು ಬೋಧನೋಪಕರಣಗಳ ಪಟ್ಟಿಯಲ್ಲಿ ಇವೆರಡನ್ನೂ ಸೇರಿಸಿಕೊಳ್ಳಲಿ.